ಬೋರ್ಡಿನ ಕಾಲು ಯಾರ ಜಾಗದಲ್ಲಿದೆ?

ಕಾರವಾರದಿಂದ ಭಟ್ಕಳದವರೆಗೆ 66ನೇ ಹೆದ್ದಾರಿ ಹಾದುಹೋಗುವ ಊರುಗಳಲ್ಲಿ ನಮ್ಮದೂ ಒಂದು. ಹೆಸರು ಬೇಡ ಬಿಡಿ. ನಮ್ಮ ಖಾನಾವಳಿ ಇರುವುದು ಹೆದ್ದಾರಿಯಿಂದ ಒಳಗೆ, ಪೇಟೆಯ ಒಂದು ಓಣಿಯಲ್ಲಿ. ಹೆಂಡತಿ ಮಾಡುವ ಶೆಟ್ಲಿ (ಸೀಗಡಿ) ಸುಕ್ಕದ ಪರಿಮಳ ಓಣಿಯ ತುದಿಯವರೆಗೆ ಹೋಗುತ್ತದೆ. ಆದರೆ ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಅದು ಮುಟ್ಟಬೇಕಲ್ಲ? ಅದಕ್ಕೇ ಬೋರ್ಡು ಬೇಕಾಯಿತು.

ಮೊದಲು ಮಾಡಿಸಿದ್ದು ಫ್ಲೆಕ್ಸಿನ ಸ್ಟ್ಯಾಂಡಿ, ನೆಲದ ಮೇಲೆ ತಾನೇ ನಿಲ್ಲುವ ಬೋರ್ಡು. ಬೆಳಿಗ್ಗೆ ಹೊರಗಿಡುವುದು, ಮಧ್ಯಾಹ್ನದ ಊಟ ಮುಗಿದ ಮೇಲೆ ಒಳಗೆ ತರುವುದು. ಎತ್ತಿಡುವ ಬೋರ್ಡಿಗೆ ಯಾರ ಪರವಾನಿಗೆ ಬೇಕು ಅಂತ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಗೋಡೆಗೆ ಹೊಡೆದಿಲ್ಲ, ಕಂಬ ನೆಟ್ಟಿಲ್ಲ. ಎರಡನೇ ವಾರ ಪುರಸಭೆಯ ಟ್ರ್ಯಾಕ್ಟರ್ ಬಂತು. ಓಣಿಯಲ್ಲಿದ್ದ ನಾಲ್ಕೈದು ಬೋರ್ಡುಗಳ ಜೊತೆ ನನ್ನದೂ ಹತ್ತಿತು.

"ಊಟ ಮುಗಿದ್ಮೇಲೆ ಒಳಗಿಡ್ತೇನೆ ಸರ್, ಪರ್ಮನೆಂಟ್ ಅಲ್ಲ ಇದು" ಅಂದೆ. ಬಂದವರು ಸಿಟ್ಟಾಗಲಿಲ್ಲ. ಬೋರ್ಡು ನಿಂತಿದ್ದ ಚರಂಡಿ ಹಾಸನ್ನು ಚಪ್ಪಲಿಯಿಂದ ಎರಡು ಸಲ ತಟ್ಟಿದರು. "ಹಗಲಿಗೆ ಇದರ ಕಾಲು ಎಲ್ಲಿರ್ತದೆ ಹೇಳಿ. ಈ ಹಾಸು ನಿಮ್ದಾ?"

ನನ್ನದಲ್ಲ. ಮುಂದೆ ಪರವಾನಿಗೆಗಾಗಿ ಓಡಾಡಿದ ಒಂದೂವರೆ ತಿಂಗಳು ಎಲ್ಲ ಟೇಬಲ್ಲಿನಲ್ಲೂ ಎದುರಾದದ್ದು ಇದೇ ಪ್ರಶ್ನೆ. ಬೋರ್ಡು ಎಷ್ಟು ಹೊತ್ತು ಇರುತ್ತದೆ, ಎಷ್ಟು ಹಗುರ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಕಾಲು ಯಾರ ಜಾಗದಲ್ಲಿದೆ ಅಂತ ಕೇಳುತ್ತಾರೆ.

ಮೊದಲ ದಿನ ಉರಿದದ್ದು ನಿಜ. ಆದರೆ ಮಾರನೇ ದಿನ ಟೇಪು ಹಿಡಿದು ಅಳೆದೆ. ಓಣಿಯಲ್ಲಿ ನಡೆಯುವವರಿಗೆ ಚರಂಡಿ ಮುಚ್ಚಿದ ಈ ಹಾಸೇ ಕಾಲುದಾರಿ, ಅದರ ಅಗಲ ನಾಲ್ಕು ಅಡಿ. ನನ್ನ ಸ್ಟ್ಯಾಂಡಿ ಎರಡು ಅಡಿ ತಿಂದಿತ್ತು. ಕಾಲುದಾರಿಯಲ್ಲಿ ಅಡೆತಡೆ ಇಲ್ಲದೆ ಕನಿಷ್ಠ 1.8 ಮೀಟರ್ ಇರಬೇಕು ಅನ್ನುತ್ತದೆ ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ, ಅಂದರೆ ಸುಮಾರು ಆರು ಅಡಿ. ನಮ್ಮಲ್ಲಿ ಇರುವುದೇ ನಾಲ್ಕು, ಅದರಲ್ಲೂ ಅರ್ಧ ನನಗೆ! ಕೋಲು ಹಿಡಿದು ಬರುವ ಎದುರು ಮನೆಯ ಅಜ್ಜ ಇಷ್ಟು ದಿನ ನನ್ನ ಬೋರ್ಡಿನ ಹತ್ತಿರ ಬಂದಾಗ ರಸ್ತೆಗಿಳಿದು ಮತ್ತೆ ಹತ್ತುತ್ತಿದ್ದರು. ನಾನು ಗಲ್ಲೆಯಲ್ಲಿ ಕೂತು ನೋಡುತ್ತಲೇ ಇದ್ದೆ. ಅವರು ಒಂದು ಮಾತೂ ಆಡಿರಲಿಲ್ಲ.

ಅರ್ಜಿ ಕೊಡೋಣ ಅಂತ ಹೋದರೆ ಫ್ಲೆಕ್ಸ್ ಅಂದ ಕೂಡಲೇ ಗುಮಾಸ್ತರು ತಲೆ ಅಲ್ಲಾಡಿಸಿದರು. ನಮ್ಮ ರಾಜ್ಯದಲ್ಲಿ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಕೈಚೀಲದ ಜೊತೆ ಫ್ಲೆಕ್ಸ್, ಬ್ಯಾನರ್, ಬಂಟಿಂಗ್ಸ್ ಎಲ್ಲವನ್ನೂ ನಿಷೇಧಿಸಿದ್ದಾರೆ. ಊರ ತುಂಬ ಫ್ಲೆಕ್ಸ್ ಇದೆಯಲ್ಲ ಅಂತ ಕೇಳುವ ಆಸೆಯಾಯಿತು, ಕೇಳಲಿಲ್ಲ. ಕೆಲಸ ಆಗಬೇಕಿದ್ದದ್ದು ನನಗೆ. ಪರವಾನಿಗೆ ಸಿಕ್ಕಿದರೂ ಫ್ಲೆಕ್ಸಿಗೆ ಸಿಗುವುದಿಲ್ಲ, ಅಷ್ಟು ತಿಳಿದರೆ ಸಾಕು. ದುಡ್ಡು ಹಾಕುವ ಮೊದಲೇ ಇದನ್ನು ಕೇಳಿಕೊಳ್ಳಿ.

ಹಾಗಾಗಿ ಹಳೇ ಪೇಂಟರನ್ನು ಹುಡುಕಿದೆ. ಕಂಪ್ಯೂಟರ್ ಬಂದ ಮೇಲೆ ಅವರು ದೋಣಿಗಳಿಗೆ ಹೆಸರು ಬರೆದುಕೊಂಡಿದ್ದರು. ಪ್ಲೈವುಡ್ಡಿನ ಎರಡು ಹಲಗೆ, ಮೇಲೆ ಬಿಜಾಗರಿ, ಮನೆಯ ಮಾಡಿನ ಹಾಗೆ ನಿಲ್ಲುವಂಥದ್ದು. ನಾನು "ಸೀ ಫುಡ್" ಅಂತ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆಯಿರಿ ಅಂದೆ. ಅವರು ಬ್ರಷ್ ಕೆಳಗಿಟ್ಟರು. "ಎಂತಕ್ಕೆ ತಮಾ? ಭಾನುವಾರ ನಿನ್ನಲ್ಲಿ ಉಣ್ಣೂಕೆ ಬರೂದು ಹುಬ್ಬಳ್ಳಿಯವ್ರು. ಅವ್ರಿಗೆ ಕನ್ನಡ ಬರೂದಿಲ್ವಾ?" ಬರುತ್ತದೆ, ನನಗಿಂತ ಚೆನ್ನಾಗಿ. ಕಾನೂನು ಹೇಳುವುದೂ ಅದನ್ನೇ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಮಾಡಿದ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಮೇಲೆ "ಮೀನೂಟ" ಅಂತ ಕೆಂಪಿನಲ್ಲಿ ಬಂತು. ಇಂಗ್ಲಿಷ್ ಕೆಳಗೆ, ಸಣ್ಣಗೆ. ನೋಡಲಿಕ್ಕೂ ಅದೇ ಚೆನ್ನಾಗಿದೆ.

ಅರ್ಜಿಯ ಜೊತೆ ನಾನು ಕೊಟ್ಟದ್ದು ಇಷ್ಟು: ಉದ್ದಿಮೆ ಪರವಾನಿಗೆಯ ಪ್ರತಿ, ಕಟ್ಟಡದ ತೆರಿಗೆ ಕಟ್ಟಿದ ರಸೀದಿ, ಮಾಲೀಕರ ಒಪ್ಪಿಗೆ ಪತ್ರ, ಬೋರ್ಡಿನ ಅಳತೆ, ಇಡುವ ಜಾಗದ ಫೋಟೋ. ಉದ್ದಿಮೆ ಪರವಾನಿಗೆ ನವೀಕರಣ ಆಗಿರಬೇಕು, ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ನನ್ನದು ಬಾಕಿ ಇತ್ತು, ಅದಕ್ಕೇ ಹತ್ತು ದಿನ ಹೋಯಿತು. ಶುಲ್ಕ ಚದರ ಅಳತೆಯ ಮೇಲೆ. ದರ ಊರಿಂದ ಊರಿಗೆ ಬೇರೆ, ನನ್ನದನ್ನು ಹೇಳಿ ಪ್ರಯೋಜನವಿಲ್ಲ.

ಸಿಕ್ಕಿಕೊಂಡದ್ದು ಒಂದು ತಮಾಷೆಯ ಜಾಗದಲ್ಲಿ. ಬೋರ್ಡಿನ ಮೇಲೆ ಏನು ಬರೆಯುತ್ತೀರಿ ಅಂತ ಬರೆದು ಕೊಡಬೇಕು. ನಾನು ದಿನಾ ಸೀಮೆಸುಣ್ಣದಲ್ಲಿ ಬರೆಯುವವ. ಇವತ್ತು ಬಂಗಡೆ, ನಾಳೆ ನೊಗ್ಲಿ, ತಾರ್ಲೆ ರಾಶಿ ಬಿದ್ದ ದಿನ ತಾರ್ಲೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಆಗ ಒಣಮೀನು, ಹೊಳೆಮೀನು. "ಇದನ್ನೆಲ್ಲ ಹೇಗೆ ಬರ್ಕೊಡ್ಲಿ ಸರ್?" ಅಂತ ಕೇಳಿದೆ. ಗುಮಾಸ್ತರೇ ದಾರಿ ಹೇಳಿದರು. ಮೇಲಿನ ಬರಹ ಖಾಯಂ ಅಂತ ತೋರಿಸಿ, ಕೆಳಗೆ "ಇಂದಿನ ಊಟ" ಅಂತ ಖಾಲಿ ಚೌಕ ಬಿಡಿ. ನಕ್ಷೆಯಲ್ಲಿ ಹಾಗೇ ಬರೆದೆ. ನಡೆಯಿತು.

ಚರಂಡಿ ಹಾಸಿನ ಮೇಲೆ ಮಾತ್ರ ಅನುಮತಿ ಸಿಗಲಿಲ್ಲ. ನಾನೂ ಆಮೇಲೆ ಹಟ ಹಿಡಿಯಲಿಲ್ಲ, ಅಜ್ಜನ ನೆನಪಿತ್ತು. ಬೋರ್ಡಿನ ನಾಲ್ಕೂ ಕಾಲು ನಮ್ಮ ಮೆಟ್ಟಿಲಿನ ಒಳಗೇ ಇರಬೇಕು ಅಂತ ಪತ್ರದಲ್ಲಿ ಬರೆದು ಕೊಟ್ಟರು. ಒಂದು ಮೆಟ್ಟಿಲು ಅಗಲ ಮಾಡಿಸಬೇಕಾಯಿತು, ಅದೂ ಒಳಗಡೆಗೆ.

ಇನ್ನು ಹೆದ್ದಾರಿ. ತಿರುವಿನಲ್ಲಿ ಬಾಣದ ಗುರುತಿನ ಒಂದು ಪುಟ್ಟ ಬೋರ್ಡು ಇಟ್ಟರೆ ಅರ್ಧ ಗಿರಾಕಿ ಅಲ್ಲಿಂದಲೇ ಬರುತ್ತಾರೆ ಅಂತ ನನಗೆ ಗೊತ್ತು. ಆದರೆ ಹೆದ್ದಾರಿಯ ಅಂಚಿನ ಜಾಗ ಪುರಸಭೆಯ ಕೈಯಲ್ಲಿಲ್ಲ. ಅದಕ್ಕೆ 2002ರ ರಾಷ್ಟ್ರೀಯ ಹೆದ್ದಾರಿಗಳ ನಿಯಂತ್ರಣ ಕಾಯ್ದೆ ಇದೆ, ಅನುಮತಿ ಕೊಡಬೇಕಾದವರು ಹೆದ್ದಾರಿ ಆಡಳಿತದವರು. ಪುರಸಭೆಯ ಪತ್ರ ತೋರಿಸಿ ಅಲ್ಲಿ ಬೋರ್ಡು ಇಟ್ಟರೆ ಅದು ಸುಮ್ನೆ ಕಾಗದ. ನಾನು ಆ ದಾರಿ ಬಿಟ್ಟೆ. ತಿರುವಿನಿಂದ ಒಳಗೆ ಸೈಕಲ್ ರಿಪೇರಿ ಅಂಗಡಿಯ ಗೆಳೆಯನ ಸ್ವಂತ ಗೋಡೆ ಇದೆ, ಹೆದ್ದಾರಿ ಗಡಿಕಲ್ಲಿನ ಈಚೆಗೆ. ಅವನ ಒಪ್ಪಿಗೆ ಬರೆಸಿಕೊಂಡು, ಅದೇ ಅರ್ಜಿಯಲ್ಲಿ ಸೇರಿಸಿ, ಶುಲ್ಕ ಕಟ್ಟಿ ಗೋಡೆಗೆ ಬಾಣ ಬರೆಸಿದೆ. ಬಾಡಿಗೆ ವಾರಕ್ಕೊಂದು ಊಟ. ಅವನು ಬರುವುದು ನೊಗ್ಲಿ ಇದ್ದ ದಿನವೇ! ಗೋಕರ್ಣದ ಭಾವ ಫೋನಿನಲ್ಲಿ ಇದನ್ನೆಲ್ಲ ಕೇಳಿ ತಾನೂ ಪುರಸಭೆಗೆ ಅರ್ಜಿ ಬರೆಯಲು ಹೊರಟಿದ್ದ. ಅಲ್ಲಿ ಗ್ರಾಮ ಪಂಚಾಯತ್ ಮಾರಾಯ, ಮೊದಲು ಪಿಡಿಓ ಹತ್ತಿರ ಹೋಗು ಅಂದೆ.

ಕಾಗದ ಸರಿಯಾಯಿತು ಅಂತ ನೆಮ್ಮದಿಯಾಗಿದ್ದಾಗ ಜೂನಿನ ಮೊದಲ ಗಾಳಿ ಬಂತು. ಬೋರ್ಡು ಮೆಟ್ಟಿಲಿಂದ ಹಾರಿ ಗಿರಾಕಿಯೊಬ್ಬರ ಸ್ಕೂಟರ್ ಮೇಲೆ ಬಿತ್ತು. ಕನ್ನಡಿ, ಇಂಡಿಕೇಟರ್ ಹೋಯಿತು, ದುಡ್ಡು ನಾನೇ ಕೊಟ್ಟೆ. ಮಗುವೇನಾದರೂ ನಿಂತಿದ್ದರೆ ಅಂತ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಪರವಾನಿಗೆ ಪತ್ರದಲ್ಲಿ "ಅನಾಹುತವಾದರೆ ಪರವಾನಿಗೆದಾರರೇ ಹೊಣೆ" ಅಂತ ಒಂದು ಸಾಲಿತ್ತು, ಅವತ್ತು ಹುಡುಕಿ ಓದಿದೆ. ಈಗ ಎರಡು ಹಲಗೆಗಳ ನಡುವೆ ಅರ್ಧ ಚಿರೆಕಲ್ಲನ್ನು ತೆಂಗಿನ ನಾರಿನ ಹಗ್ಗದಲ್ಲಿ ತೂಗುಹಾಕಿದ್ದೇನೆ. ಕಾಲುಗಳು ಅಗಲವಾಗಿ ಜಾರದಂತೆ ಅಡ್ಡಕ್ಕೂ ಒಂದು ಹಗ್ಗ. ಕಬ್ಬಿಣದ ಬಿಜಾಗರಿ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಪುಡಿಯಾಯಿತು, ಹಿತ್ತಾಳೆಯದ್ದು ಹಾಕಿಸಿದೆ. ಗಾಳಿ ಜಾಸ್ತಿ ಇದ್ದ ದಿನ ಬೋರ್ಡು ಹೊರಗೇ ಬರುವುದಿಲ್ಲ. ಆ ದಿನ ಗಿರಾಕಿಯೂ ಕಡಿಮೆ, ಅಡ್ಡಿಲ್ಲ.

ಈ ವರ್ಷದ ನವೀಕರಣಕ್ಕೆ ಮೊನ್ನೆ ಅರ್ಜಿ ಕೊಟ್ಟು ಬಂದೆ. ಗುಮಾಸ್ತರು ಹಳೇ ನಕ್ಷೆ ನೋಡಿ "ಎತ್ತರ ಮೂರು ಇಂಚು ಕಡಿಮೆ ಬರೆದಿದ್ದೀರಿ" ಅಂದರು. ನೀರು ಕುಡಿದು ಕೆಳಗಿನ ಅಂಚು ಕೊಳೆತಿತ್ತು, ಪೇಂಟರು ಅಷ್ಟು ಕೊಯ್ದು ತೆಗೆದಿದ್ದಾರೆ ಅಂದೆ. ಹೊಸ ಅಳತೆ ಬರೆದುಕೊಂಡು ಸೀಲು ಹಾಕಿದರು.