ಹಾಸನದಲ್ಲಿದ್ದುಕೊಂಡೇ ಜೀನೋಮ್ ಅಧ್ಯಯನ ಆರಂಭಿಸುವುದು ಹೇಗೆ?

ಹಾಸನ, ಚಿಕ್ಕಮಗಳೂರಿನಲ್ಲಿ ಜೀವವಿಜ್ಞಾನ ಓದುವ ಅನೇಕ ವಿದ್ಯಾರ್ಥಿಗಳು ಬಯೋಇನ್ಫರ್ಮ್ಯಾಟಿಕ್ಸ್ (ಜೈವಿಕ ದತ್ತಾಂಶವನ್ನು ಕಂಪ್ಯೂಟರ್‌ನಿಂದ ವಿಶ್ಲೇಷಿಸುವ ವಿದ್ಯೆ) ಕಲಿಯಬೇಕೆಂದರೆ ಮೊದಲು ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಹುಡುಕಬೇಕು ಎಂದುಕೊಳ್ಳುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳುವುದು ಲೇಸು. ಉಚಿತವಾಗಿ ಸಿಗುವ ದತ್ತಾಂಶದ ಮೇಲೆ ಸಣ್ಣದೊಂದು ಕೆಲಸ ಮಾಡಿ ಮುಗಿಸಿ, ಅದನ್ನು ಮುಂದಿಟ್ಟುಕೊಂಡು ಪ್ರಯೋಗಾಲಯಗಳಿಗೆ ಬರೆದರೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ವಿಷಯವನ್ನು ಸುತ್ತಲಿನ ಹೊಲದಿಂದಲೇ ಆರಿಸಿಕೊಳ್ಳಬಹುದು. ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಕಾಡುವ ಅಂಗಮಾರಿ ರೋಗಕ್ಕೆ ಕಾರಣವಾದ ಫೈಟಾಫ್ತೊರಾ ಇನ್ಫೆಸ್ಟನ್ಸ್ ನೋಡಲು ಶಿಲೀಂಧ್ರದಂತಿದ್ದರೂ ವಂಶದಲ್ಲಿ ಕಂದು ಪಾಚಿಗಳಿಗೆ ಹತ್ತಿರದ್ದು. ಸುಮಾರು 24 ಕೋಟಿ ಬೇಸ್ ಜೋಡಿಗಳಿರುವ (ಡಿಎನ್‌ಎಯ ಅಕ್ಷರಜೋಡಿಗಳು) ಇದರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ಅನುಕ್ರಮ, 2009ರಲ್ಲೇ ಪ್ರಕಟವಾಗಿದೆ. ಕಾಫಿಯಲ್ಲಿ ಆಸಕ್ತಿಯಿದ್ದವರು 2014ರಲ್ಲಿ ಪ್ರಕಟವಾದ ರೊಬಸ್ಟಾ ಜೀನೋಮ್‌ನಿಂದ ಆರಂಭಿಸಲಿ. 44 ವರ್ಣತಂತುಗಳ ಅರೇಬಿಕಾದಲ್ಲಿ ಎರಡು ಪೂರ್ವಜ ಪ್ರಭೇದಗಳ ಜೀನೋಮ್‌ಗಳು ಒಟ್ಟಿಗೇ ಇರುವುದರಿಂದ, ಒಂದನ್ನೊಂದು ಹೋಲುವ ಜೀನ್‌ಗಳನ್ನು ಬಿಡಿಸಿ ನೋಡುವುದು ಹೊಸಬರಿಗೆ ಕಷ್ಟ.

ಮೊದಲ ಅಭ್ಯಾಸ ಹೀಗಿರಲಿ. ಎನ್‌ಸಿಬಿಐ ಎಂಬ ಅಮೆರಿಕದ ಉಚಿತ ಜೈವಿಕ ದತ್ತಾಂಶ ಜಾಲತಾಣದ ನ್ಯೂಕ್ಲಿಯೋಟೈಡ್ ವಿಭಾಗದಲ್ಲಿ ಆಲೂಗಡ್ಡೆಯ ಅಂಗಮಾರಿ ರೋಗಾಣುವಿನ ಹೆಸರಿನೊಂದಿಗೆ ಐಟಿಎಸ್ (ಪ್ರಭೇದ ಗುರುತಿಸಲು ಬಳಸುವ ಡಿಎನ್‌ಎ ತುಣುಕು) ಎಂದು ಹುಡುಕಿ, ಒಂದು ದಾಖಲೆಯನ್ನು ಫಾಸ್ಟಾ ಎಂಬ ಸರಳ ಪಠ್ಯ ರೂಪದಲ್ಲಿ ತೆಗೆದುಕೊಳ್ಳಿ. ಅದರ ಮೊದಲ ಸಾಲು > ಚಿಹ್ನೆಯಿಂದ ಶುರುವಾಗುತ್ತದೆ. ಮುಂದಿನ ಸಾಲುಗಳಲ್ಲಿರುವುದೇ ಅನುಕ್ರಮ. ಅದನ್ನು ಅದೇ ತಾಣದ ಬ್ಲಾಸ್ಟ್ ಎಂಬ ಹೋಲಿಕೆ ಹುಡುಕುವ ಸಾಧನದಲ್ಲಿ ಹಾಕಿ ಹುಡುಕಿದಾಗ ಬರುವ ಪಟ್ಟಿಯಲ್ಲಿ ಹೋಲಿಕೆಯ ಶೇಕಡಾವಾರನ್ನಷ್ಟೇ ನೋಡಿದರೆ ಸಾಲದು. ಹೋಲಿಕೆ ಶೇ. 100 ಇದ್ದರೂ ಅದು ನಿಮ್ಮ ಅನುಕ್ರಮದ ಐದನೆಯ ಒಂದು ಭಾಗಕ್ಕೆ ಮಾತ್ರ ಸಂಬಂಧಿಸಿರಬಹುದು; ಹಾಗಾಗಿ ಅನುಕ್ರಮದ ಎಷ್ಟು ಭಾಗ ಹೊಂದಿತೆಂದು ತಿಳಿಸುವ ಕ್ವೆರಿ ಕವರ್ ಎಂಬ ಅಂಕಣವನ್ನೂ, ಇಂಥ ಹೋಲಿಕೆ ಆಕಸ್ಮಿಕವಾಗಿ ಎಷ್ಟು ಸಿಗಬಹುದೆಂದು ತಿಳಿಸುವ, ಸೊನ್ನೆಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದಾದ ಇ-ವ್ಯಾಲ್ಯೂವನ್ನೂ ಜೊತೆಗೇ ಓದಬೇಕು. ಪಟ್ಟಿಯ ಮೊದಲಿಗಿರುವ ಹೆಸರೇ ಅಂತಿಮ ತೀರ್ಪಲ್ಲ. ಸಂಜೆಮಲ್ಲಿಗೆ ಗಿಡಕ್ಕೆ ತಗಲುವ ಫೈಟಾಫ್ತೊರಾ ಮಿರಾಬಿಲಿಸ್‌ನ ಐಟಿಎಸ್ ಅಂಗಮಾರಿ ರೋಗಾಣುವಿನದ್ದಕ್ಕೆ ಎಷ್ಟು ಸಮೀಪವೆಂದರೆ, ಈ ಒಂದು ತುಣುಕಿನಿಂದ ಎರಡನ್ನೂ ಬೇರ್ಪಡಿಸಿ ಹೇಳುವುದು ಸುರಕ್ಷಿತವಲ್ಲ. ಈ ಇತಿಮಿತಿಯನ್ನು ಗುರುತಿಸಿ ಬರೆಯುವ ವಿದ್ಯಾರ್ಥಿಯೇ ನನ್ನ ದೃಷ್ಟಿಯಲ್ಲಿ ಕೆಲಸಕ್ಕೆ ಸಿದ್ಧನಾದವನು. ದತ್ತಾಂಶಕೋಶ ಬೆಳೆಯುತ್ತಲೇ ಇರುವುದರಿಂದ ಹುಡುಕಿದ ದಿನಾಂಕವನ್ನೂ ದಾಖಲೆಯ ಗುರುತಿನ ಸಂಖ್ಯೆಯಾದ ಆಕ್ಸೆಶನ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು.

ದೊಡ್ಡ ದತ್ತಾಂಶಕ್ಕೆ ದುಬಾರಿ ಕಂಪ್ಯೂಟರ್ ಬೇಕೆಂದಿಲ್ಲ. ಗ್ಯಾಲಕ್ಸಿ ಎಂಬ ಉಚಿತ ಆನ್‌ಲೈನ್ ವಿಶ್ಲೇಷಣಾ ವೇದಿಕೆಯಲ್ಲಿ ಖಾತೆ ತೆರೆದು, ಡಿಎನ್‌ಎ ಓದುವ ಯಂತ್ರಗಳ ಕಚ್ಚಾ ದತ್ತಾಂಶವಿರುವ ಎಸ್‌ಆರ್‌ಎ ಸಂಗ್ರಹದ ದಾಖಲೆಯೊಂದರ ಸಂಖ್ಯೆಯನ್ನು ಕೊಟ್ಟರೆ ಕಡತ ನೇರವಾಗಿ ಅವರ ಸರ್ವರ್‌ಗೇ ಬರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಅಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಮೊದಲು ಫಾಸ್ಟ್‌ಕ್ಯುಸಿ ಎಂಬ ತಂತ್ರಾಂಶ ಓಡಿಸಿ ದತ್ತಾಂಶದ ಗುಣಮಟ್ಟ ನೋಡಿ. ಗುಣಮಟ್ಟದ ಅಂಕ 30 ಎಂದರೆ ಸಾವಿರ ಅಕ್ಷರಗಳಲ್ಲಿ ಒಂದು ತಪ್ಪಿರಬಹುದು, 20 ಎಂದರೆ ನೂರರಲ್ಲಿ ಒಂದು. ಲಿನಕ್ಸ್ ಮತ್ತು ಪೈಥಾನ್ ಕಲಿಕೆ ಇದರ ಜೊತೆಜೊತೆಗೆ ಸಾಗಲಿ.

ಇಷ್ಟಾದ ಮೇಲೆ ಅವಕಾಶಗಳ ಮಾತು. ಹತ್ತಿರದಲ್ಲೇ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿದೆ, ಮೂಡಿಗೆರೆಯಲ್ಲಿ ತೋಟಗಾರಿಕಾ ಕಾಲೇಜು, ಹಾಸನದ ಕಾರೆಕೆರೆಯಲ್ಲಿ ಕೃಷಿ ಕಾಲೇಜು ಇವೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕಾಗುವುದರಿಂದ ಅವರಿಗೆ ಮೊದಲೇ ತಿಳಿಸಿರಬೇಕು. ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿರುವ ಸ್ನಾತಕೋತ್ತರ ಕೋರ್ಸ್‌ಗಳಿಗೆ ಗ್ಯಾಟ್-ಬಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಹಣ ಕಟ್ಟಿಸಿಕೊಂಡು ವಾರದಲ್ಲೇ ಪ್ರಮಾಣಪತ್ರ ಕೊಡುವವರ ಗೊಡವೆ ಬೇಡ.

ಪತ್ರ ಅರ್ಧ ಪುಟ ಮೀರದಿರಲಿ. ಆ ವಿಜ್ಞಾನಿಯ ಒಂದು ಪ್ರಬಂಧದ ಯಾವ ಅಂಶ ನಿಮ್ಮ ಗಮನ ಸೆಳೆಯಿತು, ನೀವು ಏನು ಮಾಡಿದ್ದೀರಿ, ಎಲ್ಲಿ ಸಿಕ್ಕಿಕೊಂಡಿರಿ, ಯಾವ ತಿಂಗಳಿನಿಂದ ಬರಬಲ್ಲಿರಿ ಎಂಬಷ್ಟನ್ನು ಸರಳ ಇಂಗ್ಲಿಷ್‌ನಲ್ಲಿ ಬರೆದು, ಮಾಡಿದ ಕೆಲಸದ ಎರಡು ಪುಟದ ವರದಿಯನ್ನು ಲಗತ್ತಿಸಿ. ಒಂದೇ ಪತ್ರವನ್ನು ಇಪ್ಪತ್ತು ಮಂದಿಗೆ ಒಟ್ಟಿಗೆ ಕಳುಹಿಸಬೇಡಿ. ಎರಡು ವಾರವಾದರೂ ಉತ್ತರ ಬಾರದಿದ್ದರೆ ಒಮ್ಮೆ ಮಾತ್ರ ನೆನಪಿಸಿ, ಆಮೇಲೆ ಬೇರೊಂದು ಪ್ರಯೋಗಾಲಯಕ್ಕೆ ಬರೆಯಿರಿ.