ಸವೆದ ಕಿವಿಮೂಳೆಗೆ ಟೈಟೇನಿಯಂ ಕಸಿ: ಕೊಡಗಿನವರು ಮಾಡಿಕೊಳ್ಳಬೇಕಾದ ಸಿದ್ಧತೆ

ವರ್ಷಗಟ್ಟಲೆ ಸೋರಿದ ಕಿವಿಯಲ್ಲಿ ತಮಟೆ ತೂತಾಗುವುದಷ್ಟೇ ಅಲ್ಲ, ಅದರ ಹಿಂದಿರುವ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳ ಸರಪಳಿಯೂ ಸವೆಯಬಹುದು. ಹೆಚ್ಚಾಗಿ ಮೊದಲು ಕರಗುವುದು ನಡುವಿನ ಅಡಿಗಲ್ಲು. ಆ ಜಾಗದಲ್ಲಿ ಟೈಟೇನಿಯಂ ಅಥವಾ ಎಲುಬಿನ ಖನಿಜವನ್ನು ಹೋಲುವ ಹೈಡ್ರಾಕ್ಸಿಅಪಟೈಟ್‌ನ ಪುಟ್ಟ ಕಂಬವೊಂದನ್ನು ನಿಲ್ಲಿಸಿ ಸದ್ದಿನ ದಾರಿಯನ್ನು ಮತ್ತೆ ಜೋಡಿಸುತ್ತಾರೆ.

ತೊಂದರೆ ಮಧ್ಯಕಿವಿಯದೋ ಒಳಕಿವಿಯದೋ ಎಂಬುದು ಮೊದಲು ತಿಳಿಯಬೇಕು. ವೈದ್ಯರು 512 ಹರ್ಟ್ಸ್‌ನ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮಿಡಿದು, ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಆಮೇಲೆ ಕವಲನ್ನು ಕಿವಿಯ ಮುಂದೆ ಹಿಡಿಯುತ್ತಾರೆ. ಎಲುಬಿಗೆ ಒತ್ತಿದಾಗಲೇ ಸದ್ದು ಜೋರಾಗಿದ್ದರೆ ದೋಷ ಹೊರಗಿವಿಯಲ್ಲೋ ಮಧ್ಯಕಿವಿಯಲ್ಲೋ ಇರುವ ಸಾಧ್ಯತೆ ಹೆಚ್ಚು. ಬಳಿಕ ಎಷ್ಟು ಕೇಳಿಸುತ್ತದೆಂದು ಗೆರೆಗಳಲ್ಲಿ ತೋರಿಸುವ ಆಡಿಯೋಗ್ರಾಂ ಮಾಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಅದರ ವ್ಯವಸ್ಥೆಯಿದೆ. ಗಾಳಿಯ ಮೂಲಕ ಮತ್ತು ಎಲುಬಿನ ಮೂಲಕ ಕೇಳುವ ಎರಡು ಗೆರೆಗಳ ನಡುವಿನ ಅಂತರದಷ್ಟೇ ಕಸಿಯಿಂದ ಮರಳಬಹುದಾದುದರಿಂದ, ಆ ಹಾಳೆಯನ್ನು ಮುಂದಿಟ್ಟುಕೊಂಡು ಎಷ್ಟು ಡೆಸಿಬೆಲ್ ನಿರೀಕ್ಷಿಸಬಹುದೆಂದು ನೇರವಾಗಿಯೇ ಕೇಳಿ.

ಸುಮಾರು 3 ಮಿಲಿಮೀಟರ್ ಎತ್ತರದ ರಿಕಾಪಿನ ಕಮಾನು ಉಳಿದಿದ್ದರೆ ಅದರ ತಲೆಯ ಮೇಲೆ ಕೂರುವ ಗಿಡ್ಡ ಕಸಿ ಸಾಕು. ಕಮಾನೂ ಹೋಗಿದ್ದರೆ ಅದರ ಪಾದದ ಮೇಲೆ ನಿಲ್ಲುವ ಉದ್ದನೆಯದು ಬೇಕಾಗುತ್ತದೆ. ಲೋಹವು ತಮಟೆಯನ್ನು ಕೊರೆದು ಹೊರಬರದಂತೆ, ರೋಗಿಯ ಕಿವಿಯಿಂದಲೇ ತೆಗೆದ ಮೃದ್ವಸ್ಥಿಯ ತೆಳು ಬಿಲ್ಲೆಯನ್ನು ನಡುವೆ ಇಡುತ್ತಾರೆ. ಇದನ್ನು ಇಡುವರೇ ಎಂದು ಕೇಳಲು ಸಂಕೋಚ ಬೇಡ.

ಕಿವಿ ಒಣಗಿದ್ದರೆ ಕಸಿ ನಿಲ್ಲುವ ಭರವಸೆ ಹೆಚ್ಚು. ನಮ್ಮ ಜಡಿಮಳೆಯನ್ನು ನೆನೆದರೆ, ಮಳೆ ಇಳಿದು ಕಾಫಿ ಕೊಯ್ಲು ಶುರುವಾಗುವ ಮುಂಚಿನ ವಾರಗಳೇ ಸೂಕ್ತವೆಂದು ನನ್ನ ಅಭಿಪ್ರಾಯ. ಆದರೆ ದುರ್ವಾಸನೆಯ ಕೀವು ಬರುತ್ತಿದ್ದರೆ ಕಾಯಬೇಡಿ. ಮಧ್ಯಕಿವಿಯಲ್ಲಿ ಬೆಳೆದು ಎಲುಬನ್ನು ತಿನ್ನುವ ಚರ್ಮದ ಗಂಟಾದ ಕೊಲೆಸ್ಟಿಯಟೋಮಾ ಇದ್ದರೆ ಅದನ್ನು ಮೊದಲು ತೆಗೆಯಬೇಕು, ಕಸಿಯನ್ನು ಕೆಲವೊಮ್ಮೆ ತಿಂಗಳುಗಳ ನಂತರವೇ ಇಡಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯಾದ ಮೇಲೆ ವೈದ್ಯರು ಹೇಳುವವರೆಗೆ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಕಾಫಿ ಚೀಲ ಎತ್ತಬಾರದು. ಸ್ನಾನದ ವೇಳೆ ವ್ಯಾಸಲಿನ್ ಸವರಿದ ಹತ್ತಿಯನ್ನು ಕಿವಿಬಾಯಿಗೆ ಇಟ್ಟುಕೊಳ್ಳಿ. ಸಂಪಾಜೆ ಘಾಟಿ ಇಳಿಯುವಾಗ ಗಾಳಿಯ ಒತ್ತಡ ಬೇಗ ಬದಲಾಗುವುದರಿಂದ ಆಗಾಗ ಎಂಜಲು ನುಂಗುತ್ತಿರಿ. ಮೂಗು ಹಿಡಿದು ಗಾಳಿ ಒತ್ತಲೇಬೇಡಿ. ಕೈಲ್ ಮುಹೂರ್ತದ ಗುಂಡಿನ ಸದ್ದಿನಿಂದಲೂ ದೂರವಿರಿ, ಏಕೆಂದರೆ ಒಳಕಿವಿಗೆ ಆಗುವ ಹಾನಿಯನ್ನು ಯಾವ ಕಂಬವೂ ಸರಿಪಡಿಸದು.

ಕಿವಿಯೊಳಗೆ ತುರುಕಿದ ಪಟ್ಟಿ ಇರುವಷ್ಟು ದಿನ ಸದ್ದು ಮಂದವಾಗಿರುವುದು ಸಹಜ. ತಲೆ ವಿಪರೀತ ಸುತ್ತಿದರೆ, ಮುಖದ ಒಂದು ಬದಿ ಸೊಟ್ಟಗಾದರೆ, ಮತ್ತೆ ಕೀವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.