ಚೆಕ್‌ರೋಲ್ ಹಿಡಿದುಕೊಂಡು ಕಣ್ಣು ತೋರಿಸಲು ಹೋದದ್ದು

ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಕಳೆದ ಕುಯ್ಲಿನಲ್ಲಿ ಒಂದು ಸಂಜೆ ರೋಬಸ್ಟಾ ಹಣ್ಣಿನ ಚೀಲಗಳು ಸಾಲಾಗಿ ತಕ್ಕಡಿಗೆ ಬರುತ್ತಿದ್ದವು. ತೂಕ ನೋಡುವುದು, ಚೆಕ್‌ರೋಲ್‌ಗೆ, ಅಂದರೆ ಕೂಲಿ ಲೆಕ್ಕದ ಪುಸ್ತಕಕ್ಕೆ, ಬರೆಯುವುದು, ಮುಂದಿನ ಚೀಲ. ಆಗ ಒಬ್ಬಾಕೆ ತಡೆದಳು.

"ರೈಟ್ರೆ, ನಂದು 68 ಅಲ್ವಾ? 63 ಅಂತ ಬರ್ದಿದ್ದೀರಲ್ಲ."

ಕನ್ನಡಕ ತೆಗೆದು ನೋಡಿದೆ. ತಕ್ಕಡಿಯ ಕೆಂಪು ಅಂಕಿ 68 ಅಂತಲೇ ಹೊಳೆಯುತ್ತಿತ್ತು. ಕೆ.ಜಿ. ಲೆಕ್ಕದ ಕೂಲಿ. ಐದು ಕೆ.ಜಿ. ಕಡಿಮೆ ಬರೆದರೆ ಅದು ಅವಳ ದುಡ್ಡು. ತಿದ್ದಿ ಬರೆದೆ. ಆದರೆ ಅದಕ್ಕೂ ಮೊದಲು ಎಷ್ಟು ಸಲ ಹೀಗೆ ಬರೆದಿದ್ದೆನೋ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ತಪ್ಪು ತಕ್ಕಡಿಯದಲ್ಲ, ನನ್ನ ಕನ್ನಡಕದ್ದು. ನನಗೆ 47 ವರ್ಷ, ಚಾಳೀಸು ಬಂದು ಮೂರು ವರ್ಷವಾಗಿದೆ. ಸಂತೆಯಲ್ಲಿ 150 ರೂಪಾಯಿ ಕೊಟ್ಟು ಪ್ಲಸ್ 1.50 ಅಂತ ಚೀಟಿ ಅಂಟಿಸಿದ್ದ ಕನ್ನಡಕ ತಂದಿದ್ದೆ. ಪುಸ್ತಕಕ್ಕೆ ಅದು ಸಾಕು. ಆದರೆ ಅಂಥ ಕನ್ನಡಕ ಹಾಕಿಕೊಂಡರೆ ಒಂದು ಕೈಯಳತೆಯಿಂದ ಆಚೆಗಿನದೆಲ್ಲ ಮಸುಕು. ತಕ್ಕಡಿ ಇದ್ದದ್ದು ನನ್ನಿಂದ ಎರಡು ಮಾರು ದೂರ. ಅಷ್ಟು ದೂರದಲ್ಲಿ ಮಸುಕು ಕಣ್ಣಿಗೆ ಡಿಜಿಟಲ್ ಅಂಕಿಯ 8ಕ್ಕೂ 3ಕ್ಕೂ ಏನು ವ್ಯತ್ಯಾಸ!

ಇದಕ್ಕೆ ಮೊದಲೇ ಒಂದು ಪಾಠ ಆಗಿತ್ತು, ನಾನು ಕಲಿತಿರಲಿಲ್ಲ ಅಷ್ಟೆ. ಹಿಂದಿನ ವರ್ಷ ಪೇಟೆಯ ಒಂದು ಅಂಗಡಿಯಲ್ಲಿ "ಕಣ್ಣು ಪರೀಕ್ಷೆ ಫ್ರೀ" ಅಂತ ಬೋರ್ಡ್ ನೋಡಿ ಹೋಗಿದ್ದೆ. ಮೆಷಿನ್‌ಗೆ ಗದ್ದ ಇಡಿಸಿದರು. ಒಳಗೆ ಒಂದು ಚಿತ್ರ ಮಸುಕಾಯಿತು, ಸರಿಯಾಯಿತು. ಐದೇ ನಿಮಿಷ. ಮೆಷಿನ್ ಕೊಟ್ಟ ನಂಬರನ್ನೇ ಹಾಕಿ ಪ್ರೋಗ್ರೆಸಿವ್ ಕನ್ನಡಕ, ಅಂದರೆ ಗೆರೆಯಿಲ್ಲದ ಒಂದೇ ಗಾಜಿನಲ್ಲಿ ದೂರದ್ದೂ ಹತ್ತಿರದ್ದೂ ಕಾಣುವಂಥದ್ದು, ಮಾಡಿಕೊಟ್ಟರು. 7,000 ರೂಪಾಯಿ. ಹಾಕಿಕೊಂಡು ತೋಟದ ಇಳಿಜಾರು ಇಳಿದರೆ ನೆಲವೇ ತೇಲುತ್ತಿದೆ! ಪ್ರೋಗ್ರೆಸಿವ್ ಗಾಜಿನ ಕೆಳಭಾಗ ಓದುವುದಕ್ಕೆ ಇರುವುದು, ಅದರ ಮೂಲಕ ಕಾಲಡಿ ನೋಡಿದರೆ ಮಸುಕೇ ಕಾಣುವುದು. ಗದ್ದ ತಗ್ಗಿಸಿ ಗಾಜಿನ ಮೇಲ್ಭಾಗದಿಂದ ನೋಡಬೇಕು ಅಂತ ಯಾರೂ ಹೇಳಲಿಲ್ಲ. ಕಾಫಿ ಗಿಡದ ನಡುವಿನ ಗುಂಡಿಗೆ ಒಮ್ಮೆ ಕಾಲು ಹಾಕಿದೆ. ವಾಪಸ್ ಹೋಗಿ ಕೇಳಿದರೆ "ಅಭ್ಯಾಸ ಆಗುತ್ತೆ ಸಾರ್" ಅಂದರು. ನಂಬರಿನ ಚೀಟಿ ಕೇಳಿದರೆ "ಕಂಪ್ಯೂಟರ್‌ನಲ್ಲಿದೆ" ಅಂದರು. ಚೀಟಿ ಕೊಡದ ಕಡೆ ಕಣ್ಣು ತೋರಿಸಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಈ ಸಲ ಕಣ್ಣು ತೋರಿಸುವ ಜಾಗ ಬೇರೆ, ಕನ್ನಡಕ ಮಾಡಿಸುವ ಜಾಗ ಬೇರೆ ಅಂತ ಇಟ್ಟುಕೊಂಡೆ. ಕಣ್ಣು ತೋರಿಸುವುದು ವರ್ಷಕ್ಕೊಮ್ಮೆ, ಅದಕ್ಕೆ ದೂರ ಹೋದರೂ ನಡೆಯುತ್ತದೆ. ಕನ್ನಡಕ ಹಾಗಲ್ಲ. ಸ್ಕ್ರೂ ಸಡಿಲವಾಗುತ್ತದೆ, ಕಡ್ಡಿ ಕಿವಿಗೆ ಒತ್ತುತ್ತದೆ, ಮೂಗಿನ ಮೇಲೆ ಜಾರುತ್ತದೆ. ಅದಕ್ಕೆಲ್ಲ ಮೈಸೂರಿಗೆ ಹೋಗಿ ಬರುತ್ತೀರಾ?

ಕಣ್ಣಿಗೆ ಎಲ್ಲಿಗೆ ಹೋಗುವುದು ಅಂತ ಯೋಚಿಸುವಾಗ ನನಗೆ ಇನ್ನೊಂದು ಚಿಂತೆ ಇತ್ತು. ಅಪ್ಪನಿಗೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಇತ್ತು. ಬದಿಯ ನೋಟ ಮೆಲ್ಲ ಮೆಲ್ಲಗೆ ಹೋಗಿ, ನೇರ ನೋಟ ಕೊನೆವರೆಗೂ ಉಳಿದದ್ದರಿಂದ ಅವರಿಗೇ ತಡವಾಗಿ ಗೊತ್ತಾಯಿತು. ಮನೆಯಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಜಾಸ್ತಿ. ಬರೀ ನಂಬರ್ ನೋಡಿದರೆ ಇದು ಸಿಗುವುದಿಲ್ಲ. ಅದಕ್ಕೇ ಎರಡು ಮೂರು ಕಡೆ ಕೇಳಿದೆ: ಕಣ್ಣಿನ ಪ್ರೆಶರ್ ನೋಡುತ್ತೀರಾ, ಪಾಪೆ ಅಗಲ ಮಾಡುವ ಮದ್ದು ಹಾಕಿ ಹಿಂದಿನ ನರ ನೋಡುತ್ತೀರಾ? ಒಂದು ಕಡೆ "ಅದೆಲ್ಲ ಯಾಕೆ ಸಾರ್, ಕನ್ನಡಕ ತಾನೇ" ಅಂದರು. ಅಲ್ಲಿಗೆ ಆ ಹೆಸರು ಬಿಟ್ಟೆ. ಕೊನೆಗೆ ಮಡಿಕೇರಿಯ ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋದೆ. ಬಸ್ಸಿನಲ್ಲಲ್ಲ, ಭಾವನ ಜೀಪಿನಲ್ಲಿ. ಮದ್ದು ಬಿಟ್ಟ ಮೇಲೆ ನಾಲ್ಕಾರು ಗಂಟೆ ಹತ್ತಿರದ್ದು ಕಾಣುವುದಿಲ್ಲ, ಬೆಳಕು ಚುಚ್ಚುತ್ತದೆ. ಆ ತಿರುವಿನ ರಸ್ತೆಯಲ್ಲಿ, ಎದುರಿನ ಹೆಡ್‌ಲೈಟ್ ಕಣ್ಣಿಗೆ ಬಡಿಯುವಾಗ ನಾನು ಓಡಿಸುವ ಮಾತೇ ಇಲ್ಲ.

ಚೆಕ್‌ರೋಲ್ ಪುಸ್ತಕವನ್ನೂ ಜೊತೆಗೆ ಒಯ್ದಿದ್ದೆ. ಭಾವ ನಕ್ಕ. ಆದರೆ ಅತಿ ಉಪಯೋಗಕ್ಕೆ ಬಂದದ್ದು ಅದೇ. ಮೊದಲು ಗೋಡೆಯ ಅಕ್ಷರ ಓದಿಸಿದರು. ಆಮೇಲೆ ಭಾರದ ದುಂಡನೆ ಚೌಕಟ್ಟು ಮೂಗಿಗೇರಿಸಿ ಒಂದೊಂದೇ ಗಾಜು ಹಾಕುತ್ತಾ, "ಇದು ಚೆನ್ನಾಗಿದೆಯಾ, ಅದಾ?" ಅಂತ ಕೇಳುತ್ತಾ ಹೋದರು. ಬಲಗಣ್ಣಿಗೆ ಸಣ್ಣ ಸಿಲಿಂಡರ್ ಪವರ್ (ಗಾಜಿನ ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಪವರ್) ಇದೆ, ಎಡಗಣ್ಣಿಗೆ ಇಲ್ಲ. ಎರಡೂ ಕಡೆ ಒಂದೇ ಗಾಜಿನ ಸಂತೆ ಕನ್ನಡಕದಿಂದ ತಲೆ ನೋಯುತ್ತಿದ್ದದ್ದು ಇದಕ್ಕೇ ಇರಬೇಕು. ಕೊನೆಗೆ ಪುಸ್ತಕ ತೆಗೆದೆ. ತಕ್ಕಡಿ ಪಕ್ಕ ನಿಂತು ಹೇಗೆ ಹಿಡಿಯುತ್ತೇನೋ ಹಾಗೇ ಹಿಡಿದೆ. ಅಷ್ಟು ದೂರಕ್ಕೆ ಓದುವ ಪವರ್ ಸರಿಹೊಂದಿಸಿದರು.

ಪ್ರೆಶರ್ 17 ಬಂತು. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರುತ್ತದೆ. ಆದರೆ ಪ್ರೆಶರ್ ಸರಿಯಿದ್ದೂ ಗ್ಲಾಕೋಮಾ ಬರುವುದುಂಟು. ಅದಕ್ಕೇ ಮದ್ದು ಹಾಕಿ ನರ ನೋಡಿದರು. ಚೆನ್ನಾಗಿದೆ, ಆದರೂ ವರ್ಷಕ್ಕೊಮ್ಮೆ ಬನ್ನಿ ಅಂದರು. ನಂಬರಿನ ಚೀಟಿ ಕೇಳದೆಯೇ ಕೊಟ್ಟರು.

ಕನ್ನಡಕಕ್ಕೆ ಸಿದ್ದಾಪುರ ಪೇಟೆಯ ಒಂದು ಸಣ್ಣ ಅಂಗಡಿ. ತಕ್ಕಡಿಯೂ ಪುಸ್ತಕವೂ ಕಾಣಬೇಕಾದ್ದರಿಂದ ಬೈಫೋಕಲ್ ಅಂತ ಡಾಕ್ಟರೇ ಬರೆದಿದ್ದರು, ಅಂದರೆ ನಡುವೆ ಗೆರೆಯಿದ್ದು ಮೇಲೆ ದೂರಕ್ಕೆ, ಕೆಳಗೆ ಓದುವುದಕ್ಕೆ ಇರುವ ಗಾಜು. ಅಂಗಡಿಯವರು ಫ್ರೇಮ್ ಹಾಕಿಸಿ, ಎದುರು ಕೂತು, ಗಾಜಿನ ಮೇಲೆ ಮಾರ್ಕರ್‌ನಲ್ಲಿ ಚುಕ್ಕೆ ಇಟ್ಟು ಗೆರೆ ಎಲ್ಲಿಗೆ ಬರಬೇಕು ಅಂತ ನೋಡಿದರು. ಎರಡು ಪಾಪೆಗಳ ನಡುವಿನ ಅಳತೆಯನ್ನೂ ಚೀಟಿಯ ಹಿಂದೆ ಬರೆದುಕೊಟ್ಟರು, 62 ಮಿಲಿಮೀಟರ್. ಮೆಟಲ್ ಫ್ರೇಮ್ ತೋರಿಸಿದರೆ ಬೇಡ ಅಂದೆ. ನಮ್ಮ ಮಳೆಗೆ, ಬೆವರಿಗೆ ಮೂಗಿನ ಹತ್ತಿರ ಹಸಿರು ಕಿಲುಬು ಹಿಡಿಯುತ್ತದೆ, ಹಳೆಯದರಲ್ಲಿ ನೋಡಿದ್ದೇನೆ. ಪ್ಲಾಸ್ಟಿಕ್ ಫ್ರೇಮ್, ಆಂಟಿ ಗ್ಲೇರ್ ಲೇಪನ ಸೇರಿ 2,200 ರೂಪಾಯಿ ಆಯಿತು. ತರುವ ದಿನ ಅವರ ಮೆಷಿನ್‌ನಲ್ಲೇ ಗಾಜಿನ ನಂಬರ್ ಅಳೆಸಿ ಚೀಟಿಗೆ ಹೋಲಿಸಿದೆ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ.

ಇಳಿಜಾರಿನಲ್ಲಿ ಈಗಲೂ ತೆಗೆದು ಜೇಬಿಗೆ ಹಾಕುತ್ತೇನೆ. ಬೈಫೋಕಲ್‌ಗೂ ಕೆಳಭಾಗ ಓದುವುದಕ್ಕೇ ಅಲ್ವಾ. ನನ್ನ ದೂರದ ಪವರ್ ಸಣ್ಣದು, ಹಾಗಾಗಿ ನಡೆಯುತ್ತದೆ. ಲುಂಗಿ ಅಂಚಿನಲ್ಲಿ ಒರೆಸುವ ಚಾಳಿ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಧೂಳು ಹಿಡಿದ ಗಾಜನ್ನು ಒಣಗಿದ್ದಾಗಲೇ ಉಜ್ಜಿದರೆ ಲೇಪನಕ್ಕೆ ಗೀರು ಬೀಳುತ್ತದೆ, ಮೊದಲು ನೀರಲ್ಲಿ ತೊಳೆಯಬೇಕು.

ಎರಡು ಸಲ ಸ್ಕ್ರೂ ಸಡಿಲವಾಯಿತು. ಎರಡೂ ಸಲ ಬಸ್ ಬರುವಷ್ಟರಲ್ಲಿ ಬಿಗಿ ಮಾಡಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಮೊನ್ನೆ ಭಾವ ನನ್ನ ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಾ ಕೂತಿದ್ದ, ಕನ್ನಡಕ ಕಸಿದುಕೊಂಡೆ. ವರ್ಷ ತುಂಬಿದಾಗ ಅವನನ್ನೂ ಮಡಿಕೇರಿಗೆ ಕರೆದುಕೊಂಡು ಹೋಗಬೇಕು. ಇಬ್ಬರಿಗೂ ಒಂದೇ ದಿನ ಮದ್ದು ಬಿಟ್ಟರೆ ಜೀಪ್ ಓಡಿಸುವವರು ಯಾರು, ಅದೊಂದು ನೋಡಿಕೊಳ್ಳಬೇಕು.